ಮಕ್ಕಳ ತಲೆಯ ಬೋಳುಮಚ್ಚೆಗಳು: ಕಾರಣವನ್ನು ಗುರುತಿಸುವ ಬಗೆ

ಒಂದು ಹಳ್ಳಿಯ ಶಾಲೆಯನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಮೊದಲನೆಯ ತರಗತಿಯಲ್ಲಿ ಆರು ವರ್ಷದ ಹುಡುಗನೊಬ್ಬನಿದ್ದಾನೆ. ಅವನ ನೆತ್ತಿಯ ಹಿಂಬದಿಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲಿಲ್ಲ. ಐದನೆಯ ತರಗತಿಯಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಕಿವಿಯ ಮೇಲ್ಗಡೆ ಅಷ್ಟೇ ದೊಡ್ಡ ಬೋಳುಮಚ್ಚೆ ಇದೆ. ನಾಲ್ಕನೆಯ ತರಗತಿಯ ಇನ್ನೊಬ್ಬ ಹುಡುಗಿಗೆ ನಡುನೆತ್ತಿಯಲ್ಲಿ ಕೂದಲು ತೆಳುವಾಗಿ, ಅಲ್ಲಲ್ಲಿ ಚರ್ಮ ಕಾಣುತ್ತಿದೆ. ಮೂವರ ತಲೆಯನ್ನೂ ನೋಡಿದ ಜನರು ಒಂದೇ ಮಾತನ್ನು ಹೇಳುತ್ತಾರೆ: “ಕೂದಲನ್ನು ಹುಳ ತಿಂದಿದೆ.” ಮೂವರಿಗೂ ಒಂದೇ ಔಷಧ: ನೀರುಳ್ಳಿಯ ರಸ, ಇಲ್ಲವೆ ಅಂಗಡಿಯಿಂದ ಯಾರೋ ತಂದುಕೊಟ್ಟ ಮುಲಾಮು. ಮೂವರಿಗೂ ಒಂದೇ ಶಿಕ್ಷೆ: ಬೇರೆ ಬೆಂಚು, ಬೇರೆ ಬಾಚಣಿಗೆ, ಬೆನ್ನ ಹಿಂದೆ ಪಿಸುಮಾತು.

ಆದರೆ ಈ ಮೂವರಿಗಿರುವುದು ಒಂದೇ ಕಾಯಿಲೆಯಲ್ಲ. ಒಬ್ಬರ ಕಾಯಿಲೆ ಅಂಟುವಂಥದು, ಇನ್ನಿಬ್ಬರದು ಅಂಟುವಂಥದಲ್ಲ. ಒಬ್ಬರಿಗೆ ಹೊಟ್ಟೆಗೆ ಔಷಧ ಕೊಡಲೇಬೇಕು. ಇನ್ನೊಬ್ಬರಲ್ಲಿ ಔಷಧವಿಲ್ಲದೆಯೂ ಕೂದಲು ತಾನಾಗಿ ಬೆಳೆಯುವ ಸಂಭವವುಂಟು. ಮತ್ತೊಬ್ಬರಿಗೆ ಬೇಕಾದುದು ತಾಳ್ಮೆಯ ಮಾತು. ಒಬ್ಬರ ಮದ್ದನ್ನು ಇನ್ನೊಬ್ಬರಿಗೆ ಹಾಕಿದರೆ ಗುಣವಾಗದಿರುವುದು ಮಾತ್ರವಲ್ಲ, ಕೆಲವು ವೇಳೆ ಕೇಡೂ ಆಗುತ್ತದೆ. ಹಾಗಾದರೆ ಹೊರನೋಟಕ್ಕೆ ಒಂದೇ ಆಗಿ ತೋರುವ ಈ ಮಚ್ಚೆಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ? ಇದೇ ಈ ಲೇಖನದ ವಿಷಯ. ಉತ್ತರವು ಒಂದು ಸಣ್ಣ ಮಸೂರದಲ್ಲಿ, ಮುರಿದ ಕೂದಲಿನ ಆಕಾರದಲ್ಲಿ ಅಡಗಿದೆ.

ಕೂದಲಿನ ಬಾಳು

ಮೊದಲು ಕೂದಲಿನ ವಿಚಾರವನ್ನು ಸ್ವಲ್ಪ ತಿಳಿದುಕೊಳ್ಳೋಣ. ಮನುಷ್ಯನ ತಲೆಯ ಮೇಲೆ ಸುಮಾರು ೧,೦೦,೦೦೦ ಕೂದಲುಗಳಿವೆ. ಪ್ರತಿಯೊಂದು ಕೂದಲೂ ಚರ್ಮದೊಳಗಿನ ಒಂದು ಸಣ್ಣ ಕೊಳವೆಯಿಂದ ಹುಟ್ಟುತ್ತದೆ. ಇದಕ್ಕೆ ರೋಮಕೂಪವೆಂದು ಹೆಸರು. ಈ ಕೂಪದ ತಳದಲ್ಲಿ ಗಡ್ಡೆಯಂತಹ ಭಾಗವೊಂದಿದೆ. ಅಲ್ಲಿನ ಜೀವಕೋಶಗಳು ಅತಿ ವೇಗದಿಂದ ಒಡೆದು ಹೆಚ್ಚುತ್ತಾ, ಮೇಲಕ್ಕೆ ತಳ್ಳಲ್ಪಟ್ಟು, ಗಟ್ಟಿಯಾಗಿ, ಸತ್ತು, ಕೂದಲಾಗಿ ಹೊರಬರುತ್ತವೆ. ನಾವು ಕಾಣುವ ಕೂದಲಿನಲ್ಲಿ ಜೀವವಿಲ್ಲ. ಅದು ಕೆರಟಿನ್ ಎಂಬ ಗಟ್ಟಿ ಪ್ರೋಟೀನಿನ ಎಳೆ. ಜೀವವಿರುವುದು ಬುಡದ ಗಡ್ಡೆಯಲ್ಲಿ ಮಾತ್ರ.

ಕೂದಲು ತಿಂಗಳಿಗೆ ಸುಮಾರು ೧ ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಕೂದಲು ಎರಡರಿಂದ ಆರು ವರ್ಷಗಳವರೆಗೆ ಬೆಳೆದು, ಬಳಿಕ ಎರಡು ಮೂರು ವಾರಗಳಲ್ಲಿ ಬೆಳವಣಿಗೆಯನ್ನು ನಿಲ್ಲಿಸಿ, ಸುಮಾರು ಮೂರು ತಿಂಗಳು ವಿಶ್ರಮಿಸಿ, ಆಮೇಲೆ ಉದುರುತ್ತದೆ. ಅದೇ ಕೂಪದಿಂದ ಹೊಸ ಕೂದಲು ಹುಟ್ಟುತ್ತದೆ. ದಿನಕ್ಕೆ ೫೦ರಿಂದ ೧೦೦ ಕೂದಲು ಉದುರುವುದು ಸಹಜವೇ. ಆದರೆ ನೆನಪಿಡತಕ್ಕ ಮಾತೊಂದುಂಟು. ರೋಮಕೂಪಗಳೆಲ್ಲವೂ ಮಗು ಗರ್ಭದಲ್ಲಿದ್ದಾಗಲೇ ರೂಪುಗೊಂಡಿರುತ್ತವೆ. ಹುಟ್ಟಿದ ಮೇಲೆ ಹೊಸ ಕೂಪಗಳು ಸಾಮಾನ್ಯವಾಗಿ ಉಂಟಾಗುವುದಿಲ್ಲ. ಕೂದಲು ಹೋದರೆ ಮತ್ತೆ ಬರಬಹುದು. ಕೂಪವೇ ನಾಶವಾಗಿ ಕಲೆಗಟ್ಟಿದರೆ ಆ ಜಾಗ ಜೀವಮಾನವಿಡೀ ಬೋಳಾಗಿಯೇ ಉಳಿಯುತ್ತದೆ. ಕಾರಣವನ್ನು ಬೇಗ ಗುರುತಿಸಬೇಕೆಂಬ ಆತುರಕ್ಕೆ ಇದೇ ಮೂಲ.

ಮೂರು ಕಾರಣಗಳು

ಮಕ್ಕಳಲ್ಲಿ ಮಚ್ಚೆಮಚ್ಚೆಯಾಗಿ ಕೂದಲು ಹೋಗುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು.

ಮೊದಲನೆಯದು ತಲೆಯ ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಕಾಯಿಲೆಯಲ್ಲಿ ಹುಳುವಿಲ್ಲ. ಇದನ್ನು ಉಂಟುಮಾಡುವುದು ಟ್ರೈಕೊಫೈಟನ್ ಮತ್ತು ಮೈಕ್ರೊಸ್ಪೋರಮ್ ಎಂಬ ಎರಡು ಕುಲಗಳಿಗೆ ಸೇರಿದ ಶಿಲೀಂಧ್ರಗಳು, ಎಂದರೆ ಒಂದು ಬಗೆಯ ಬೂಷ್ಟು. ರೊಟ್ಟಿಯ ಮೇಲೆ ಬೂಷ್ಟು ಬೆಳೆಯುವಂತೆ ಇವು ಕೆರಟಿನ್ನನ್ನು ತಿಂದು ಬೆಳೆಯುತ್ತವೆ. ಕೆಲವು ಜಾತಿಗಳು ಕೂದಲಿನ ಒಳಗೆ ನುಗ್ಗಿ, ಅದನ್ನು ಬೀಜಕಣಗಳಿಂದ ತುಂಬಿ, ಪೊಳ್ಳು ಮಾಡುತ್ತವೆ. ಕೂದಲು ಚರ್ಮದ ಮಟ್ಟದಲ್ಲಿಯೇ ಮುರಿಯುತ್ತದೆ. ಇನ್ನು ಕೆಲವು ಜಾತಿಗಳ ಬೀಜಕಣಗಳು ಕೂದಲಿನ ಹೊರಗೆ ಕವಚದಂತೆ ಸುತ್ತಿಕೊಳ್ಳುತ್ತವೆ. ಅಂಥ ಕೂದಲು ಚರ್ಮದಿಂದ ಎರಡು ಮೂರು ಮಿಲಿಮೀಟರ್ ಮೇಲೆ ಮುರಿಯುತ್ತದೆ. ಈ ಕಾಯಿಲೆ ಬಹುಮಟ್ಟಿಗೆ ಹರೆಯಕ್ಕೆ ಮುಂಚಿನ ಮಕ್ಕಳಲ್ಲಿಯೇ ಕಾಣುತ್ತದೆ. ಹರೆಯದಲ್ಲಿ ಚರ್ಮದ ಎಣ್ಣೆಗ್ರಂಥಿಗಳು ಚುರುಕಾಗಿ, ಅವುಗಳ ಸ್ರಾವದಲ್ಲಿರುವ ಮೇದಾಮ್ಲಗಳು ಬೂಷ್ಟಿನ ಬೆಳವಣಿಗೆಯನ್ನು ತಡೆಯುತ್ತವೆಂದು ವಿಜ್ಞಾನಿಗಳು ಭಾವಿಸಿದ್ದಾರೆ. ಬಾಚಣಿಗೆ, ಟೋಪಿ, ದಿಂಬು, ಕ್ಷೌರದ ಸಾಮಾನು, ಕೆಲವು ವೇಳೆ ಬೆಕ್ಕು ನಾಯಿಗಳ ಮೂಲಕ ಇದು ಹರಡುತ್ತದೆ.

ಎರಡನೆಯದು ಇಂದ್ರಲುಪ್ತ. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಬಂದಿರುವ ಈ ಹೆಸರನ್ನು ಇಂದು ಕನ್ನಡದಲ್ಲಿ ಅಲೊಪೀಷಿಯಾ ಏರಿಯೇಟಾ ಎಂಬ ಕಾಯಿಲೆಗೆ ಬಳಸುತ್ತಾರೆ. ಇಲ್ಲಿ ಹೊರಗಿನ ಶತ್ರುವಿಲ್ಲ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಕ ಕಣಗಳು ದಾರಿತಪ್ಪಿ ತಮ್ಮದೇ ಕೂದಲಿನ ಬುಡದ ಗಡ್ಡೆಯ ಮೇಲೆ ಬೀಳುತ್ತವೆ. ಗಡ್ಡೆ ಸೊರಗುತ್ತದೆ, ಕೂದಲು ಉದುರುತ್ತದೆ. ಆದರೆ ಕೂಪ ನಾಶವಾಗುವುದಿಲ್ಲ. ಆದುದರಿಂದಲೇ ಅನೇಕ ಮಕ್ಕಳಲ್ಲಿ ಕೂದಲು ಮರಳಿ ಬರುತ್ತದೆ. ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ.

ಮೂರನೆಯದು ಕೂದಲು ಕೀಳುವ ಗೀಳು. ಮಗುವು ಓದುವಾಗ, ಮಲಗುವ ಮುನ್ನ, ಬೇಸರವಾದಾಗ, ಅನೇಕ ವೇಳೆ ತನಗೇ ಅರಿವಿಲ್ಲದೆ ಕೂದಲನ್ನು ತಿರುಚಿ ಕೀಳುತ್ತದೆ. ಫ್ರಾನ್ಸಿನ ವೈದ್ಯ ಹ್ಯಾಲಪೊ ಎಂಬಾತನು ೧೮೮೯ರಲ್ಲಿ ಇದಕ್ಕೆ ಟ್ರೈಕೊಟಿಲೊಮೇನಿಯ ಎಂಬ ಹೆಸರನ್ನಿತ್ತನು. ಇಲ್ಲಿ ಕೂದಲೂ ಆರೋಗ್ಯದಿಂದಿದೆ, ಕೂಪವೂ ಆರೋಗ್ಯದಿಂದಿದೆ, ಬಲಪ್ರಯೋಗವೊಂದೇ ಕಾರಣ.

ಇವಲ್ಲದೆ ಬಿಗಿಯಾಗಿ ಜಡೆ ಹೆಣೆದು ಎಳೆದು ಕಟ್ಟುವುದರಿಂದ ಹಣೆಯಂಚಿನ ಕೂದಲು ಹೋಗುವುದುಂಟು. ಕೆಲವು ಮಕ್ಕಳಿಗೆ ಕಪಾಲದ ಪಕ್ಕದಲ್ಲಿ ಹುಟ್ಟಿನಿಂದಲೋ ಎಳೆತನದಿಂದಲೋ ತ್ರಿಕೋನಾಕಾರದ ಜಾಗವೊಂದರಲ್ಲಿ ನವಿರಾದ ರೋಮ ಮಾತ್ರವಿರುತ್ತದೆ. ಅದು ಬೆಳೆಯುವುದೂ ಇಲ್ಲ, ಹರಡುವುದೂ ಇಲ್ಲ. ಇವನ್ನು ಸದ್ಯಕ್ಕೆ ಬದಿಗಿಟ್ಟು ಮುಖ್ಯವಾದ ಮೂರನ್ನೇ ಹಿಡಿಯೋಣ.

ಹಿಂದಿನವರ ಹಾದಿ

ತಲೆಯ ಹುಳುಕಡ್ಡಿಗೆ ಬೂಷ್ಟೇ ಕಾರಣವೆಂದು ತೋರಿಸಿದವರಲ್ಲಿ ಡೇವಿಡ್ ಗ್ರೂಬಿ ಪ್ರಮುಖನು. ಹಂಗೆರಿಯಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ ಈತನು ೧೮೪೧ರಿಂದ ೧೮೪೪ರ ವರೆಗೆ ಸೂಕ್ಷ್ಮದರ್ಶಕದ ಸಹಾಯದಿಂದ ರೋಗಿಗಳ ಕೂದಲನ್ನು ಪರೀಕ್ಷಿಸಿ, ಕೂದಲಿನ ಹೊರಗೆ ಬೆಳೆಯುವ ಬೂಷ್ಟನ್ನೂ ಒಳಗೆ ಬೆಳೆಯುವ ಬೂಷ್ಟನ್ನೂ ವರ್ಣಿಸಿದನು. ರೋಗಾಣುವಾದವನ್ನು ಪಾಸ್ತರ್ ಮತ್ತು ಕಾಖ್ ಸ್ಥಾಪಿಸುವುದಕ್ಕೆ ಎಷ್ಟೋ ವರ್ಷ ಮೊದಲು ನಡೆದ ಸಂಗತಿಯಿದು. ಅರ್ಧ ಶತಮಾನದ ಬಳಿಕ ಅದೇ ಪ್ಯಾರಿಸಿನ ಸಬೂರೊ ಎಂಬ ವೈದ್ಯನು ಈ ಬೂಷ್ಟುಗಳನ್ನು ಕೃತಕ ಆಹಾರದ ಮೇಲೆ ಬೆಳೆಸುವ ಕ್ರಮವನ್ನು ರೂಢಿಗೆ ತಂದನು. ಪ್ರಯೋಗಶಾಲೆಗಳಲ್ಲಿ ಆತನ ಹೆಸರಿನ ಆಹಾರ ಇಂದಿಗೂ ಬಳಕೆಯಲ್ಲಿದೆ.

ಕಾರಣ ತಿಳಿಯಿತು, ಆದರೆ ಮದ್ದು ಇರಲಿಲ್ಲ. ಮುಲಾಮು ರೋಮಕೂಪದ ಆಳಕ್ಕೆ ಇಳಿಯದು. ರೋಗ ತಗುಲಿದ ಕೂದಲನ್ನೆಲ್ಲ ಉದುರಿಸಿಬಿಟ್ಟರೆ ಬೂಷ್ಟೂ ಹೋಗುವುದೆಂದು ಎಣಿಸಿ, ಇಪ್ಪತ್ತನೆಯ ಶತಮಾನದ ಆದಿಯಿಂದ ಮಕ್ಕಳ ತಲೆಗೆ ಕ್ಷ-ಕಿರಣಗಳನ್ನು ಹಾಯಿಸತೊಡಗಿದರು. ಕೂದಲು ಉದುರಿತು, ಹುಳುಕಡ್ಡಿಯೂ ವಾಸಿಯಾಯಿತು. ಆದರೆ ಕಿರಣಗಳು ಕೂದಲಿನಲ್ಲಿ ನಿಲ್ಲಲಿಲ್ಲ. ಮಿದುಳನ್ನೂ ಕತ್ತಿನ ಥೈರಾಯಿಡ್ ಗ್ರಂಥಿಯನ್ನೂ ಮುಟ್ಟಿದ್ದವು. ಇಸ್ರೇಲಿನಲ್ಲಿ ೧೯೪೮ರಿಂದ ೧೯೬೦ರ ವರೆಗೆ ಸಾವಿರಾರು ಮಕ್ಕಳಿಗೆ ಈ ಚಿಕಿತ್ಸೆ ನಡೆಯಿತು. ಇವರ ಪೈಕಿ ಸುಮಾರು ೧೧,೦೦೦ ಮಂದಿಯ ಆರೋಗ್ಯವನ್ನು ಪರಿಶೀಲಿಸಿ ೧೯೭೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಿದುಳಿನ ಗೆಡ್ಡೆಗಳೂ ಥೈರಾಯಿಡ್ ಕ್ಯಾನ್ಸರೂ ಇವರಲ್ಲಿ ಹೆಚ್ಚಾಗಿದ್ದುವೆಂದು ಕಂಡುಬಂದಿತು. ಪ್ರಾಣಕ್ಕೆ ಅಪಾಯವಿಲ್ಲದ ಕಾಯಿಲೆಗೆ ಪ್ರಾಣಾಪಾಯದ ಮದ್ದನ್ನು ಕೊಟ್ಟಂತಾಗಿತ್ತು. ಮದ್ದಿನ ಹಾನಿಯು ದಶಕಗಳ ತರುವಾಯ ತಲೆದೋರಬಹುದೆಂಬ ಪಾಠವನ್ನು ವೈದ್ಯಲೋಕವು ಹೀಗೆ ಕಲಿಯಬೇಕಾಯಿತು.

ಈ ಕ್ಷ-ಕಿರಣ ಚಿಕಿತ್ಸೆಯನ್ನು ಹಿಂದಕ್ಕೆ ಸರಿಸಿದುದು ಗ್ರಿಸಿಯೊಫಲ್ವಿನ್ ಎಂಬ ಔಷಧ. ಇದು ಸಹ ಬೂಷ್ಟಿನಿಂದಲೇ ದೊರೆತದ್ದು. ಪೆನಿಸಿಲಿಯಮ್ ಕುಲದ ಒಂದು ಬೂಷ್ಟಿನಿಂದ ಇದನ್ನು ೧೯೩೯ರಲ್ಲಿ ಬೇರ್ಪಡಿಸಿದ್ದರು. ಬಾಯಿಯ ಮೂಲಕ ಕೊಟ್ಟರೆ ಗಿನಿಯಿಲಿಗಳ ಹುಳುಕಡ್ಡಿ ವಾಸಿಯಾಗುವುದೆಂದು ಜೆಂಟಲ್ಸ್ ಎಂಬ ವಿಜ್ಞಾನಿ ೧೯೫೮ರಲ್ಲಿ ತೋರಿಸಿದನು. ಬಲುಬೇಗ ಅದು ಮನುಷ್ಯರಿಗೂ ಬಂದಿತು. ರಕ್ತದ ಮೂಲಕ ಬುಡದ ಗಡ್ಡೆಯನ್ನು ಸೇರಿ, ಹೊಸದಾಗಿ ಹುಟ್ಟುವ ಕೂದಲಿನೊಳಗೆ ಬೆರೆತು, ಬೂಷ್ಟು ಅದರೊಳಕ್ಕೆ ಬರದಂತೆ ಇದು ತಡೆಯುತ್ತದೆ.

ಮದ್ದು ಸಿಕ್ಕಿತು. ಆದರೆ ಯಾರಿಗೆ ಕೊಡಬೇಕು? ಇಂದ್ರಲುಪ್ತವಿರುವ ಮಗುವಿಗೆ ವಾರಗಟ್ಟಲೆ ಬೂಷ್ಟಿನ ಔಷಧವನ್ನು ಕುಡಿಸಿದರೆ ಏನು ಫಲ? ಆದುದರಿಂದ ಗುರುತಿಸುವ ಪ್ರಶ್ನೆ ಮತ್ತಷ್ಟು ಮುಖ್ಯವಾಯಿತು.

ಇದಕ್ಕೆ ಹಿಂದಿನಿಂದ ಇದ್ದ ಉಪಾಯಗಳು ಮೂರು. ಒಂದು, ಮುರಿದ ಕೂದಲನ್ನೂ ಹೊಟ್ಟನ್ನೂ ಕೆರೆದು ತೆಗೆದು, ಪೊಟಾಸಿಯಮ್ ಹೈಡ್ರಾಕ್ಸೈಡಿನ ದ್ರಾವಣದಲ್ಲಿ ಕೆರಟಿನ್ನನ್ನು ಮೆತ್ತಗಾಗಿಸಿ, ಸೂಕ್ಷ್ಮದರ್ಶಕದಲ್ಲಿ ಬೂಷ್ಟನ್ನು ಹುಡುಕುವುದು. ಎರಡು, ಸಬೂರೊವಿನ ಆಹಾರದ ಮೇಲೆ ಅದನ್ನು ಬೆಳೆಸುವುದು. ಇದಕ್ಕೆ ಎರಡರಿಂದ ನಾಲ್ಕು ವಾರಗಳು ಬೇಕು. ಮೂರು, ವುಡ್ ದೀಪ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ೧೯೦೩ರಲ್ಲಿ ಅತಿನೇರಿಳೆ ಕಿರಣಗಳನ್ನು ಮಾತ್ರ ಹಾಯಗೊಡುವ ಗಾಜನ್ನು ಮಾಡಿದ್ದನು. ಅದರ ಬೆಳಕಿನಲ್ಲಿ ಕೆಲವು ಬೂಷ್ಟುಗಳು ತಗುಲಿದ ಕೂದಲು ಹಸುರಾಗಿ ಮಿನುಗುವುದೆಂದು ೧೯೨೫ರಲ್ಲಿ ಫ್ರಾನ್ಸಿನ ವೈದ್ಯರು ಕಂಡರು. ಆದರೆ ಮಿನುಗುವುದು ಮುಖ್ಯವಾಗಿ ಮೈಕ್ರೊಸ್ಪೋರಮ್ ಕುಲದ ಕೆಲವು ಜಾತಿಗಳು ಮಾತ್ರ. ನಮ್ಮ ದೇಶದ ಮಕ್ಕಳಲ್ಲಿ ಹೆಚ್ಚಾಗಿ ಸಿಕ್ಕುವ ಟ್ರೈಕೊಫೈಟನ್ ವಯೊಲೇಸಿಯಮ್ ಮಿನುಗುವುದಿಲ್ಲ. ದೀಪದಡಿ ಕತ್ತಲೆಯೇ ಉಳಿದರೆ ಬೂಷ್ಟು ಇಲ್ಲವೆಂದು ಹೇಳಲಾಗದು.

ಚರ್ಮದೊಳಕ್ಕೆ ಇಣುಕುವ ಮಸೂರ

ಈಗ ಹೊಸ ಉಪಕರಣಕ್ಕೆ ಬರೋಣ. ಇದಕ್ಕೆ ಡರ್ಮಾಸ್ಕೋಪು ಎಂದು ಹೆಸರು, ಕನ್ನಡದಲ್ಲಿ ಚರ್ಮದರ್ಶಕವೆನ್ನಬಹುದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರಲ್ಲಿ ಸುಮಾರು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವೂ ತನ್ನದೇ ದೀಪವೂ ಇರುತ್ತವೆ. ಅಷ್ಟೇ ಆಗಿದ್ದರೆ ಗಡಿಯಾರ ರಿಪೇರಿಯವನ ಮಸೂರಕ್ಕೂ ಇದಕ್ಕೂ ಭೇದವಿರುತ್ತಿರಲಿಲ್ಲ. ಭೇದವಿರುವುದು ಬೆಳಕಿನ ವ್ಯವಸ್ಥೆಯಲ್ಲಿ.

ಚರ್ಮವನ್ನು ಬರಿಯ ಮಸೂರದಿಂದ ನೋಡಿದರೆ ಮೇಲ್ಮೈಯ ಹೊಳಪೇ ಕಣ್ಣಿಗೆ ರಾಚುತ್ತದೆ. ಗಾಳಿಯ ವಕ್ರೀಭವನಾಂಕ ೧; ಚರ್ಮದ ಹೊರಪದರದ್ದು ಸುಮಾರು ೧.೫೫. ಎರಡು ಮಾಧ್ಯಮಗಳ ಅಂಕಗಳು ಹೀಗೆ ದೂರದೂರವಿದ್ದಾಗ ಗಡಿಯಲ್ಲಿಯೇ ಬೆಳಕಿನ ಒಂದು ಪಾಲು ಪ್ರತಿಫಲಿಸಿ ಮರಳುತ್ತದೆ. ಒರಟಾದ ಮೇಲ್ಮೈಯಲ್ಲಿ ಅದು ದಿಕ್ಕುದಿಕ್ಕಿಗೆ ಚದರುತ್ತದೆ. ಒಳಗಿನಿಂದ ಬರುವ ಮಂದವಾದ ಬೆಳಕು ಇದರಲ್ಲಿ ಮುಳುಗಿಹೋಗುತ್ತದೆ. ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅಚ್ಚಾದ ಹಾಳೆಯ ಮೇಲೆ ತೆಳುವಾದ ಬಿಳಿಯ ಕಾಗದವನ್ನಿಟ್ಟರೆ ಅಕ್ಷರಗಳು ಕಾಣುವುದಿಲ್ಲ. ಆ ಕಾಗದಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿರಿ. ಎಣ್ಣೆ ಹರಡಿದ ಜಾಗದಲ್ಲಿ ಅಕ್ಷರಗಳು ಕಾಣತೊಡಗುತ್ತವೆ. ಕಾಗದದ ನಾರುಗಳ ನಡುವಿನ ಗಾಳಿಯನ್ನು ಎಣ್ಣೆಯು ಹೊರದೂಡಿತು. ನಾರಿನ ಮತ್ತು ಎಣ್ಣೆಯ ವಕ್ರೀಭವನಾಂಕಗಳು ಹತ್ತಿರ ಹತ್ತಿರವಾದ್ದರಿಂದ ಬೆಳಕು ಚದರದೆ ಹಾದುಹೋಯಿತು. ಚರ್ಮದ ಮೇಲೆ ಎಣ್ಣೆಯನ್ನೋ ಲೋಳೆಯನ್ನೋ ಸವರಿ ಗಾಜನ್ನೊತ್ತಿದಾಗ ಆಗುವುದೂ ಇದೇ. ಇನ್ನೊಂದು ವಿಧದ ಉಪಕರಣದಲ್ಲಿ ಧ್ರುವೀಕೃತ ಬೆಳಕನ್ನು ಬಳಸುತ್ತಾರೆ. ಮೇಲ್ಮೈಯಿಂದ ನೇರವಾಗಿ ಮರಳಿದ ಬೆಳಕು ತನ್ನ ಧ್ರುವೀಕರಣವನ್ನು ಉಳಿಸಿಕೊಂಡಿರುತ್ತದೆ. ಅದನ್ನು ಅಡ್ಡಲಾಗಿಟ್ಟ ಎರಡನೆಯ ಸೋಸುಗಾಜು ತಡೆಯುತ್ತದೆ. ಒಳಹೊಕ್ಕು ಚದರಿ ಬಂದ ಬೆಳಕು ಮಾತ್ರ ಕಣ್ಣನ್ನು ಮುಟ್ಟುತ್ತದೆ.

ಈ ತತ್ತ್ವ ಹಳೆಯದೇ. ಜರ್ಮನಿಯ ಊನಾ ಎಂಬ ಚರ್ಮವೈದ್ಯನು ೧೮೯೩ರಲ್ಲಿಯೇ ಎಣ್ಣೆ ಮತ್ತು ಗಾಜಿನ ಉಪಾಯವನ್ನು ವರ್ಣಿಸಿದ್ದನು. ೧೯೨೦ರಲ್ಲಿ ಸಾಫಿಯರ್ ಎಂಬಾತನು ಡರ್ಮಟಾಸ್ಕೊಪಿ ಎಂಬ ಪದವನ್ನು ಬಳಸಿದನು. ಕೈಯಲ್ಲಿ ಹಿಡಿಯುವ ಸುಲಭವಾದ ಉಪಕರಣ ಬಂದದ್ದು ೧೯೮೯ರ ಸುಮಾರಿಗೆ. ಬಹುಕಾಲ ಇದನ್ನು ಮಚ್ಚೆಗಳಲ್ಲಿ ಕ್ಯಾನ್ಸರನ್ನು ಹುಡುಕುವುದಕ್ಕೆ ಮಾತ್ರ ಬಳಸುತ್ತಿದ್ದರು. ಕೂದಲಿನ ಕಡೆಗೆ ತಿರುಗಿಸಿದ ಈ ಪರೀಕ್ಷೆಗೆ ಪೋಲೆಂಡಿನ ರುಡ್ನಿಟ್ಸ್ಕಾ ಮತ್ತು ಓಲ್ಷೆವ್ಸ್ಕಾ ಎಂಬ ವೈದ್ಯೆಯರು ೨೦೦೬ರಲ್ಲಿ ಟ್ರೈಕಾಸ್ಕೊಪಿ ಎಂಬ ಹೆಸರನ್ನಿತ್ತರು.

ಮುರಿದ ಕೂದಲು ಹೇಳುವ ಸಾಕ್ಷ್ಯ

ಈಗ ನಮ್ಮ ಮೂರು ಕಾರಣಗಳನ್ನು ಮತ್ತೆ ನೆನೆದು, ಒಂದೊಂದರಲ್ಲಿಯೂ ಕೂದಲು ಯಾವ ರೀತಿಯಲ್ಲಿ ಕೆಡಬೇಕೆಂದು ಊಹಿಸೋಣ. ಕಂಠಪಾಠಕ್ಕಿಂತ ಈ ಊಹೆಯ ದಾರಿಯೇ ಮೇಲು.

ಹುಳುಕಡ್ಡಿಯಲ್ಲಿ ಕೂದಲಿನ ಎಳೆಯೇ ರೋಗಗ್ರಸ್ತ. ಒಳಗೆ ಬೂಷ್ಟು ತುಂಬಿದ ಕೂದಲು ಒಂದೇ ಸಮನಾಗಿ ಗಟ್ಟಿಯಾಗಿರದೆ ಬಾಗುತ್ತದೆ. ಬಾಗಿ, ಹತ್ತಿರದಲ್ಲಿಯೇ ಮುರಿದ ಈ ತುಂಡು ಬರವಣಿಗೆಯ ಅಲ್ಪವಿರಾಮ ಚಿಹ್ನೆಯಂತೆ ಕಾಣುತ್ತದೆ. ಇದನ್ನು ತಲೆಯ ಹುಳುಕಡ್ಡಿಯ ಗುರುತೆಂದು ಪೋಲೆಂಡಿನ ಸ್ಲೊವಿನ್ಸ್ಕಾ ಮತ್ತು ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದರು. ಗುಂಗುರು ಕೂದಲಿನ ಮಕ್ಕಳಲ್ಲಿ ಇದೇ ತುಂಡು ಹಲವು ಸುತ್ತು ಸುತ್ತಿ ತಿರುಪಿನಂತೆ ಆಗುತ್ತದೆ. ಬೂಷ್ಟು ಹೊರಗೆ ಸುತ್ತಿಕೊಂಡಿದ್ದರೆ ಕೂದಲು ಅಲ್ಲಲ್ಲಿ ದುರ್ಬಲವಾಗಿ ಅಂಕುಡೊಂಕಾಗಿ ಮಡಿಯುತ್ತದೆ. ಅಥವಾ ಅಡ್ಡಲಾಗಿ ಬಿಳಿಯ ಪಟ್ಟಿಗಳು ಬಿದ್ದು, ತಂತಿ ವರ್ತಮಾನದ ಮೋರ್ಸ್ ಸಂಕೇತದಂತೆ ಗೆರೆ-ತೆರಪು, ಗೆರೆ-ತೆರಪಾಗಿ ಕಾಣುತ್ತದೆ. ಇವುಗಳ ಸುತ್ತ ಹೊಟ್ಟು ಎದ್ದಿರುತ್ತದೆ.

ಇಂದ್ರಲುಪ್ತದಲ್ಲಿ ಎಳೆಯಲ್ಲ, ಗಡ್ಡೆ ರೋಗಗ್ರಸ್ತ. ಗಡ್ಡೆಗೆ ಪೆಟ್ಟು ಬೀಳುವುದಕ್ಕೆ ಮುಂಚೆ ತಯಾರಾದ ಕೂದಲು ದಪ್ಪವಾಗಿದೆ. ಪೆಟ್ಟು ಬಿದ್ದ ಮೇಲೆ ತಯಾರಾದ ಭಾಗ ಸಣ್ಣ. ಹೊಸದು ಯಾವಾಗಲೂ ಬುಡದಲ್ಲಿರುವುದರಿಂದ ಕೂದಲು ಮೇಲೆ ದಪ್ಪ, ಕೆಳಗೆ ಸಪೂರ. ಇದೇ ಪ್ರಸಿದ್ಧವಾದ ಆಶ್ಚರ್ಯಸೂಚಕ ಚಿಹ್ನೆಯ ಕೂದಲು. ಕೂದಲು ಪೂರ್ತಿ ಹೋದ ಕೂಪದ ಬಾಯಲ್ಲಿ ಎಣ್ಣೆಯೂ ಕೆರಟಿನ್ನೂ ಸೇರಿ ಹಳದಿ ಚುಕ್ಕೆಯಾಗುತ್ತದೆ. ಹಳೆಯ ಮಚ್ಚೆಯಲ್ಲಿ ಬಣ್ಣವಿಲ್ಲದ ನವಿರಾದ ರೋಮಗಳು ತಲೆಯೆತ್ತುತ್ತವೆ. ಮರಳಿ ಬರುವ ಕೂದಲು ಮೊದಲು ಬೆಳ್ಳಗಿರುವುದೂ ಉಂಟು. ಚರ್ಮ ಮಾತ್ರ ನುಣುಪು, ಹೊಟ್ಟಿಲ್ಲ, ಕೆಂಪಿಲ್ಲ.

ಕೀಳುವ ಗೀಳಿನಲ್ಲಿ ಎಳೆಯೂ ಗಡ್ಡೆಯೂ ಆರೋಗ್ಯ. ಗಟ್ಟಿಯಾದ ಹುರಿಯನ್ನು ಎಳೆದು ಹರಿದರೆ ಏನಾಗುವುದು? ಒಂದೊಂದು ಒಂದೊಂದು ಎತ್ತರದಲ್ಲಿ ಹರಿಯುತ್ತದೆ. ತುದಿ ಸೀಳಿ ನಾರುನಾರಾಗುತ್ತದೆ. ಹರಿದ ತುಂಡು ಹಿಂದಕ್ಕೆ ಸಿಡಿದು ಸುರುಳಿಯಾಗುತ್ತದೆ. ಮಸೂರದಲ್ಲಿ ಕಾಣುವುದೂ ಇದೆಲ್ಲವೇ: ನಾನಾ ಎತ್ತರದ ಮುರಿದ ಕೂದಲುಗಳು, ಸೀಳಿದ ತುದಿಗಳು, ಕೊಕ್ಕೆಗಳು, ಸುರುಳಿಗಳು. ಒಂದೇ ಕೂಪದ ಬಾಯಿಂದ ಹೊರಟ ಎರಡು ಕೂದಲು ಒಂದೇ ಎಳೆತಕ್ಕೆ ಸಮನಾಗಿ ಹರಿದರೆ ಕವಲೊಡೆದ ಕಡ್ಡಿಯಂತೆ ಕಾಣುತ್ತದೆ. ಬುಡದಲ್ಲಿ ಉಳಿದ ತುಣುಕು ಬೆಂಕಿಯ ನಾಲಗೆಯಂತೆ ಡೊಂಕಾಗಿರುತ್ತದೆ. ಪೂರ್ತಿ ನುಚ್ಚುನೂರಾದ ಕೂದಲು ಪುಡಿಯಾಗಿ ಬಿದ್ದಿರುತ್ತದೆ. ಅಲ್ಲಲ್ಲಿ ರಕ್ತದ ಸಣ್ಣ ಚುಕ್ಕೆಗಳೂ ಇರಬಹುದು.

ಹೀಗೆ ಬೂಷ್ಟು ಕೂದಲನ್ನು ಬಾಗಿಸುತ್ತದೆ, ಸೊರಗಿದ ಗಡ್ಡೆ ಅದನ್ನು ಬುಡದಲ್ಲಿ ಸಪೂರವಾಗಿಸುತ್ತದೆ, ಕೈಯ ಎಳೆತ ಅದನ್ನು ಹರಿದು ಸೀಳುತ್ತದೆ ಎಂದು ನೆನಪಿಟ್ಟರೆ ಸಾಕು.

ಎಚ್ಚರಿಕೆಯ ಮಾತುಗಳು

ಇಷ್ಟು ಸುಲಭವಾದರೆ ವೈದ್ಯರ ಅಗತ್ಯವೇನು ಎಂದು ವಾಚಕರು ಕೇಳಬಹುದು. ಮಾತು ನಿಜ, ಆದರೆ ಗುರುತುಗಳೆಲ್ಲ ಸಮನಾದ ಬೆಲೆಯವಲ್ಲ. ಚರ್ಮದ ಮಟ್ಟದಲ್ಲಿ ಮುರಿದ ಕೂದಲು ಕಪ್ಪು ಚುಕ್ಕೆಯಾಗಿ ತೋರುತ್ತದೆ. ಇದು ಮೂರು ಕಾಯಿಲೆಗಳಲ್ಲಿಯೂ ಕಾಣುತ್ತದೆ. ಆದುದರಿಂದ ಕಪ್ಪು ಚುಕ್ಕೆ ಮಾತ್ರ ಕಂಡರೆ ಏನನ್ನೂ ನಿರ್ಧರಿಸಲಾಗದು. ಬುಡ ಸಪೂರವಾದ ಕೂದಲು ಕೆಲವು ವೇಳೆ ಕೀಳುವ ಮಕ್ಕಳಲ್ಲಿಯೂ ದೊರೆಯುತ್ತದೆ. ಹಳದಿ ಚುಕ್ಕೆಗಳಿಲ್ಲವೆಂದು ಇಂದ್ರಲುಪ್ತವನ್ನು ತಳ್ಳಿಹಾಕುವಂತಿಲ್ಲ; ಮಕ್ಕಳ ಎಣ್ಣೆಗ್ರಂಥಿಗಳು ಇನ್ನೂ ಮಂದವಾಗಿರುವುದರಿಂದ ಆ ಚುಕ್ಕೆಗಳು ಅವರಲ್ಲಿ ಕಡಿಮೆ; ಕಂದುಬಣ್ಣದ ಚರ್ಮದಲ್ಲಿ ಅವು ಸ್ಪಷ್ಟವಾಗಿ ಕಾಣುವುದೂ ಇಲ್ಲ. ಬಿಳಿಯ ಚರ್ಮದ ರೋಗಿಗಳನ್ನು ನೋಡಿ ಬರೆದ ಪುಸ್ತಕವನ್ನು ನಮ್ಮ ಮಕ್ಕಳ ತಲೆಗೆ ಹಾಗೆಯೇ ಅನ್ವಯಿಸುವುದು ಸಲ್ಲದು. ತಲೆಯ ಮೇಲಿನ ಧೂಳು, ಎಣ್ಣೆ, ಕಾಡಿಗೆಯ ಕಣಗಳೂ ಕಣ್ಣನ್ನು ಮೋಸಗೊಳಿಸುತ್ತವೆ.

ಆದಕಾರಣ ಜಾಣನಾದ ವೈದ್ಯನು ಒಂದು ಗುರುತನ್ನು ನೆಚ್ಚುವುದಿಲ್ಲ. ಹಲವನ್ನು ಕೂಡಿಸಿ ನೋಡುತ್ತಾನೆ. ಮನೆಯವರನ್ನು ಪ್ರಶ್ನಿಸುತ್ತಾನೆ, ಉಗುರುಗಳನ್ನು ನೋಡುತ್ತಾನೆ (ಇಂದ್ರಲುಪ್ತದಲ್ಲಿ ಉಗುರಿನ ಮೇಲೆ ಸೂಜಿ ಚುಚ್ಚಿದಂತಹ ಕುಳಿಗಳಿರಬಹುದು), ಕತ್ತಿನ ಹಿಂಬದಿಯಲ್ಲಿ ಗಂಟುಗಳು ಊದಿವೆಯೆ ಎಂದು ಮುಟ್ಟಿನೋಡುತ್ತಾನೆ. ಬೂಷ್ಟಿನ ಸಂಶಯವಿದ್ದರೆ ಸೂಕ್ಷ್ಮದರ್ಶಕದ ಪರೀಕ್ಷೆಯನ್ನೂ ಬೆಳೆಸುವ ಪರೀಕ್ಷೆಯನ್ನೂ ಮಾಡಿಸುತ್ತಾನೆ. ಇಲ್ಲಿಯೂ ಮಸೂರ ನೆರವಾಗುತ್ತದೆ. ಕಣ್ಣುಮುಚ್ಚಿ ಕೆರೆಯುವ ಬದಲು ಅಲ್ಪವಿರಾಮದಂತಹ ಕೂದಲನ್ನೇ ಆರಿಸಿ ಕಿತ್ತರೆ ಬೂಷ್ಟು ಸಿಕ್ಕುವ ಸಂಭವ ಹೆಚ್ಚು. ಚರ್ಮಕ್ಕೆ ತಾಗುವ ಉಪಕರಣದ ಗಾಜನ್ನು ಒಂದು ಮಗುವಿನಿಂದ ಇನ್ನೊಂದು ಮಗುವಿಗೆ ಹೋಗುವ ಮುನ್ನ ಸ್ಪಿರಿಟ್ಟಿನಿಂದ ಒರಸಬೇಕೆಂಬುದನ್ನೂ ಮರೆಯಬಾರದು. ಇಲ್ಲವಾದರೆ ರೋಗವನ್ನು ಹುಡುಕುವ ಸಾಧನವೇ ರೋಗವನ್ನು ಹರಡೀತು.

ಮೂವರು ಮಕ್ಕಳು

ಈಗ ಆರಂಭದಲ್ಲಿ ಕಂಡ ಮೂವರನ್ನು ಪುನಃ ಕರೆಯೋಣ. ಆರು ವರ್ಷದ ಹುಡುಗನ ಮಚ್ಚೆಯಲ್ಲಿ ಹೊಟ್ಟಿದೆ. ಮಸೂರದಲ್ಲಿ ಅಲ್ಪವಿರಾಮಗಳೂ ತಿರುಪುಗಳೂ ಕಾಣುತ್ತವೆ. ಕತ್ತಿನ ಹಿಂದೆ ಗಂಟುಗಳು ಊದಿವೆ. ವಯಸ್ಸೂ ಇದಕ್ಕೆ ಹೊಂದುತ್ತದೆ. ಇದು ಹುಳುಕಡ್ಡಿ. ಮುಲಾಮೊಂದೇ ಸಾಲದು, ಗ್ರಿಸಿಯೊಫಲ್ವಿನ್ ಅಥವಾ ಟರ್ಬಿನಾಫಿನ್ ಎಂಬ ಔಷಧವನ್ನು ವೈದ್ಯರು ಹೇಳಿದಷ್ಟು ವಾರ ಬಾಯಿಯ ಮೂಲಕ ಕೊಡಬೇಕು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯಿಡ್ ಬೆರೆತ ಮುಲಾಮನ್ನು ಹಚ್ಚಿದರೆ ಕೆಂಪು ಇಳಿದು ವಾಸಿಯಾದಂತೆ ತೋರುತ್ತದೆ. ಒಳಗೆ ಬೂಷ್ಟು ನಿರಾತಂಕವಾಗಿ ಹಬ್ಬುತ್ತದೆ. ಕೆಲವು ಮಕ್ಕಳಲ್ಲಿ ಮಚ್ಚೆಯು ಊದಿ, ಮೆತ್ತಗಾಗಿ, ಕೀವು ತುಂಬಿದ ಕುರುವಿನಂತಾಗುತ್ತದೆ. ಅದನ್ನು ಕುರುವೆಂದೇ ಬಗೆದು ಕೊಯ್ಯಬಾರದು, ತಡಮಾಡಲೂಬಾರದು. ಅಲ್ಲಿ ಕೂಪಗಳು ಕಲೆಗಟ್ಟಿದರೆ ಆ ಜಾಗದಲ್ಲಿ ಕೂದಲು ಮರಳಿ ಬಾರದು. ಮನೆಯ ಇತರ ಮಕ್ಕಳನ್ನೂ ಪರೀಕ್ಷಿಸಬೇಕು. ಬಾಚಣಿಗೆ ಟೋಪಿಗಳನ್ನು ಹಂಚಿಕೊಳ್ಳಬಾರದು. ಆದರೆ ಚಿಕಿತ್ಸೆ ಆರಂಭವಾದ ಮೇಲೆ ಹುಡುಗನನ್ನು ತಿಂಗಳುಗಟ್ಟಲೆ ಶಾಲೆಯಿಂದ ಹೊರಗಿಡಬೇಕಾದುದಿಲ್ಲ, ತಲೆ ಬೋಳಿಸಬೇಕಾದುದೂ ಇಲ್ಲ.

ಹನ್ನೊಂದು ವರ್ಷದ ಹುಡುಗಿಯ ಮಚ್ಚೆ ನುಣುಪು. ಅಂಚಿನಲ್ಲಿ ಆಶ್ಚರ್ಯಸೂಚಕಗಳು, ನಡುವೆ ನವಿರಾದ ರೋಮಗಳು, ಉಗುರಿನಲ್ಲಿ ಕುಳಿಗಳು. ಇದು ಇಂದ್ರಲುಪ್ತ. ಒಂದೆರಡು ಸಣ್ಣ ಮಚ್ಚೆಗಳು ಅನೇಕ ವೇಳೆ ವರ್ಷದೊಳಗೆ ತಾವಾಗಿ ತುಂಬುತ್ತವೆ; ಅಗತ್ಯವಿದ್ದರೆ ಹಚ್ಚುವ ಔಷಧಗಳುಂಟು. ಮತ್ತೆ ಬರುವ ಸ್ವಭಾವವೂ ಈ ಕಾಯಿಲೆಗಿದೆ. ತಲೆಯ ಬಹುಭಾಗ ಬೋಳಾಗುವ ಉಗ್ರರೂಪಕ್ಕೆ, ದಾರಿತಪ್ಪಿದ ರಕ್ಷಕ ಕಣಗಳ ಸಂಕೇತಗಳನ್ನೇ ತಡೆಯುವ ಹೊಸ ಮಾತ್ರೆಗಳು ಬಂದಿವೆ. ಅಮೆರಿಕದಲ್ಲಿ ೨೦೨೨ರಲ್ಲಿ ವಯಸ್ಕರಿಗೂ, ೨೦೨೩ರಲ್ಲಿ ಇನ್ನೊಂದು ಮಾತ್ರೆಗೆ ಹನ್ನೆರಡು ವರ್ಷ ಮೇಲ್ಪಟ್ಟವರಿಗೂ ಅನುಮತಿ ದೊರೆಯಿತು. ಈ ಹುಡುಗಿಯನ್ನು ಬೇರೆ ಬೆಂಚಿನಲ್ಲಿ ಕೂರಿಸುವುದಕ್ಕೆ ಮಾತ್ರ ಕಿಂಚಿತ್ತೂ ಕಾರಣವಿಲ್ಲ.

ಮೂರನೆಯವಳ ನಡುನೆತ್ತಿಯಲ್ಲಿ ನಾನಾ ಎತ್ತರದ ತುಂಡುಗಳು, ಸೀಳಿದ ತುದಿಗಳು, ಸುರುಳಿಗಳು. ಮಚ್ಚೆಯ ಅಂಚು ದುಂಡಗಿಲ್ಲ, ಅಡ್ಡಾದಿಡ್ಡಿಯಾಗಿದೆ. ಅವಳು ತಾನೇ ಕೀಳುತ್ತಿದ್ದಾಳೆ. “ನೀನು ಕೀಳುತ್ತೀಯಾ?” ಎಂದು ಎಲ್ಲರೆದುರು ಕೇಳಿದರೆ ಇಲ್ಲವೆನ್ನುತ್ತಾಳೆ. ಅದು ಸುಳ್ಳೆಂದು ಗದರಿಸುವ ಮೊದಲು, ಅವಳಿಗೇ ಅದರ ಅರಿವಿಲ್ಲದಿರಬಹುದೆಂಬುದನ್ನು ದೊಡ್ಡವರು ನೆನೆಯಬೇಕು. ಮಸೂರದ ಉಪಕಾರ ಇಲ್ಲಿ ಎಲ್ಲಕ್ಕಿಂತ ಹೆಚ್ಚಿನದು: ಮಗುವಿನಿಂದ ತಪ್ಪೊಪ್ಪಿಗೆಯನ್ನು ಹಿಂಡದೆಯೇ ಸತ್ಯ ತಿಳಿಯುತ್ತದೆ. ಕೈ ಯಾವಾಗ ತಲೆಗೆ ಹೋಗುವುದೆಂದು ಗಮನಿಸುವುದನ್ನು ಕಲಿಸಿ, ಆ ಹೊತ್ತಿಗೆ ಕೈಗೆ ಬೇರೆ ಕೆಲಸ ಕೊಡುವ ಅಭ್ಯಾಸದ ಚಿಕಿತ್ಸೆಯಿದೆ. ಕಿತ್ತ ಕೂದಲನ್ನು ನುಂಗುವ ಮಕ್ಕಳಿಗೆ ಹೊಟ್ಟೆಯಲ್ಲಿ ಕೂದಲ ಉಂಡೆ ಕಟ್ಟುವ ಅಪಾಯವೂ ಇರುವುದರಿಂದ ವೈದ್ಯರಿಗೆ ಅದನ್ನು ತಿಳಿಸಲೇಬೇಕು.

ಮೂವರಿಗೂ ಹತ್ತು ಪಟ್ಟು ದೊಡ್ಡದು ಮಾಡುವ ಅದೇ ಗಾಜು. ಹೊರಟ ಉತ್ತರಗಳು ಮಾತ್ರ ಮೂರು. ಚುಚ್ಚಲಿಲ್ಲ, ಕೊಯ್ಯಲಿಲ್ಲ, ಮಗು ಅಳಲಿಲ್ಲ. ಎಣ್ಣೆ ತೊಟ್ಟಿನ ಕಾಗದದಲ್ಲಿ ನಾವು ಕಂಡ ವಕ್ರೀಭವನದ ಪಾಠವೂ, ಗ್ರೂಬಿಯ ಕಾಲದ ಬೂಷ್ಟಿನ ಜ್ಞಾನವೂ, ಮುರಿದ ಎಳೆಯನ್ನು ನೋಡಿ ಮುರಿದ ಬಗೆಯನ್ನು ಊಹಿಸುವ ಸಾಮಾನ್ಯ ವಿವೇಕವೂ ಒಂದೆಡೆ ಸೇರಿದ್ದರಿಂದ ಇದು ಸಾಧ್ಯವಾಯಿತು. ನಮ್ಮ ವಾಚಕರಲ್ಲಿ ಅನೇಕರಿಗೆ ತಮ್ಮಂದಿರೂ ತಂಗಿಯರೂ ಇರುವರು. ಅವರ ತಲೆಯಲ್ಲಿ ಇಂತಹ ಮಚ್ಚೆ ಕಂಡ ದಿನ, ಹುಳ ತಿಂದಿತೆಂದು ಸುಮ್ಮನಾಗದೆ, ನಗದೆ, ಕಂಡ ಮುಲಾಮನ್ನು ಹಚ್ಚದೆ, ವೈದ್ಯರ ಬಳಿಗೆ ಕರೆದೊಯ್ಯುವ ಮೊದಲಿಗರು ಅವರೇ ಆಗಲಿ.